ಮುಕ್ಕಾಲು ಇಂಚು

ಮುನಿಕೃಷ್ಣಪ್ಪ ಮಾಸ್ಟರ್‌ಗೆ ಜೋಗುಪಾಳ್ಯದ ಹೆಂಗಸರ ಹೆಸರು ನೆನಪಿರುವುದಿಲ್ಲ, ಅಳತೆ ನೆನಪಿರುತ್ತದೆ.

“ಯಮುನಾ, ಬೆಳಿಗ್ಗೆ ಮೂವತ್ತೆಂಟು ಬಂದು ಬೈದ್ಬಿಟ್ಟು ಹೋದ್ರು. ನಲವತ್ತೆರಡು ಬಂದ್ರೆ ನಾನಿಲ್ಲ ಅನ್ನು” ಎಂದು ನನಗೆ ಹೇಳಿ ಕತ್ತರಿಸುವ ಮೇಜಿನ ಹಿಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ನಾನು ಅವರ ಅಂಗಡಿಯಲ್ಲಿ ಆರು ವರ್ಷದಿಂದ ಬ್ಲೌಸುಗಳಿಗೆ ಹುಕ್ಕು ಹಾಕುತ್ತೇನೆ, ಹೆಮ್ಮಿಂಗ್ ಮಾಡುತ್ತೇನೆ, ಆಗೆಲ್ಲ ಮಾಸ್ಟರ್ ಇಲ್ಲ ಎಂದೂ ಹೇಳುತ್ತಿದ್ದೆ. ಅವರ ಹೆಂಡತಿ ಗೋವಿಂದಮ್ಮನವರು ಬಾಗಿಲ ಪಕ್ಕದ ಮಿಷಿನ್ನಿನಲ್ಲಿ ಸೀರೆಗೆ ಫಾಲ್ ಹಚ್ಚುತ್ತಾ ನನ್ನ ಸುಳ್ಳಿಗೆ ಸಾಕ್ಷಿ ಹೇಳುತ್ತಿದ್ದರು. ಮೂವತ್ತೆರಡರಿಂದ ನಲವತ್ತಾರರವರೆಗೆ ಎಲ್ಲರಿಗೂ ಸರಿಹೊಂದುವಂತೆ ಮಾಸ್ಟರ್ ಹೊಲಿದಿಟ್ಟ ಮಾತು ಒಂದೇ: “ನಾಳೆ ಬನ್ನಿ.”

ಈ ಮಾತು ಅವರ ಬಾಯಿಂದ ಬರುತ್ತಿದ್ದದ್ದೇ ಒಂದು ಸೋಜಿಗ. ಅಲ್ಲಿ ಜಾಗವೇ ಇರಲಿಲ್ಲ. ಬಲಗಡೆ ತುಟಿಯಲ್ಲಿ ಆರು ಗುಂಡುಪಿನ್ನು, ಎಡಗಡೆ ಕೆನ್ನೆಯ ಸಂದಿಯಲ್ಲಿ ಸುಣ್ಣ ತೀಡಿದ ಕಡ್ಡಿಪುಡಿ ಹೊಗೆಸೊಪ್ಪಿನ ಉಂಡೆ. ನಡುವೆ ಉಳಿದ ಓಣಿಯಲ್ಲಿ ಮಾತು ಅಡ್ಡಡ್ಡವಾಗಿ ನುಸುಳಿಕೊಂಡು ಬರಬೇಕು. ಕಡ್ಡಿಪುಡಿ ಬಿಡಿ ಎಂದರೆ, “ನಾನೆಲ್ಲಿ ತಿಂತೀನಿ? ಸುಮ್ನೆ ಇಟ್ಕೊಂಡಿರ್ತೀನಿ ಅಷ್ಟೆ” ಎನ್ನುತ್ತಿದ್ದರು, ಯಾರದೋ ಸಾಮಾನು ಕಾಯುವವರ ಹಾಗೆ. ಇಪ್ಪತ್ತೆಂಟು ವರ್ಷ ಕಾದಿದ್ದರು.

ಸಂಕ್ರಾಂತಿಯ ಹೊತ್ತಿಗೆ ಆ ಎಡಗೆನ್ನೆಯ ಒಳಗೆ ಒಂದು ಹುಣ್ಣಾಯಿತು.

“ಪಿನ್ನು ಚುಚ್ಚಿರೋದು” ಎಂದರು ಮಾಸ್ಟರ್.

“ಬಲಗಡೆ ಇದ್ದ ಪಿನ್ನು ಎಡಗಡೆಗೆ ಬಸ್ ಹತ್ಕೊಂಡು ಹೋಯ್ತಾ?” ಎಂದರು ಗೋವಿಂದಮ್ಮ.

“ನಿದ್ದೇಲಿ ಚುಚ್ಚಿರತ್ತೆ.”

“ನಿದ್ದೇಲೂ ಬ್ಲೌಸ್ ಹೊಲೀತೀರಾ? ಮತ್ತೆ ಯಾರಿಗೂ ಟೈಮಿಗೆ ಕೊಟ್ಟಿದ್ದು ಕಾಣೆ.”

ಹುಣ್ಣು ಎರಡು ವಾರವಾದರೂ ಮಾಯಲಿಲ್ಲ. ಬೇರೆಯವರಾಗಿದ್ದರೆ ಹೆದರಿ ಡಾಕ್ಟರ ಹತ್ತಿರ ಓಡುತ್ತಿದ್ದರು, ಇಲ್ಲವೇ ಹೆದರಿ ಓಡದೆ ಕೂರುತ್ತಿದ್ದರು. ಮಾಸ್ಟರ್ ಈ ಎರಡನ್ನೂ ಮಾಡಲಿಲ್ಲ. ದರ್ಜಿಯಾದವನು ಏನು ಮಾಡಬೇಕೋ ಅದನ್ನು ಮಾಡಿದರು: ಅಳತೆ ತೆಗೆದರು. ಹಳೆಯ ಟೇಪಿನಿಂದ ಮೂರಿಂಚಿನ ತುಂಡು ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ, ಕನ್ನಡಿ ಮುಂದೆ ನಿಂತು ಕೆನ್ನೆ ಎಳೆದು ಹಿಡಿದರು. ಮೊಬೈಲಿನ ಟಾರ್ಚು ಹಿಡಿದವಳು ನಾನು. ಗಿರಾಕಿಗಳ ಅಳತೆ ಪುಸ್ತಕದಲ್ಲಿ ಬರೆದವಳೂ ನಾನೇ. ನಲವತ್ತರ ಅಳತೆಯ ಒಂದು ಕಟೋರಿ ಬ್ಲೌಸಿನ ಕೆಳಗೆ: ‘ಮು.ಕೃ. – ಎಡಗೆನ್ನೆ – ಮುಕ್ಕಾಲು ಇಂಚು.’

ಅಲ್ಲಿಂದಾಚೆ ಪ್ರತಿ ಭಾನುವಾರ ಅಂಗಡಿ ತೆರೆದ ಕೂಡಲೇ ದೇವರಿಗೆ ಊದುಬತ್ತಿ, ಆಮೇಲೆ ಕೆನ್ನೆಗೆ ಟೇಪು. ಮುಕ್ಕಾಲು. ಮುಕ್ಕಾಲು. ಮತ್ತೆ ಮುಕ್ಕಾಲು. ಯುಗಾದಿಯವರೆಗೆ ಹತ್ತು ಭಾನುವಾರ, ಹತ್ತು ಮುಕ್ಕಾಲು.

“ನೋಡ್ದೇನಮ್ಮ? ಒಂದು ನೂಲೂ ಜಾಸ್ತಿ ಆಗಿಲ್ಲ” ಎಂದು ಮಾಸ್ಟರ್ ಹೆಂಡತಿಗೆ ಪುಸ್ತಕ ತೋರಿಸುತ್ತಿದ್ದರು. “ಬೆಳೆಯೋದಕ್ಕೆ ಹೆದರಬೇಕು. ಇದು ಅದರ ಪಾಡಿಗೆ ಅದಿದೆ, ನನ್ನ ಪಾಡಿಗೆ ನಾನಿದೀನಿ. ಬಾಡಿಗೆದಾರ ಇದ್ದಂಗೆ.”

ನಾನೂ ನಂಬಿದೆ. ಬರೆದಿದ್ದು ನನ್ನ ಅಕ್ಷರ. ನನ್ನ ಅಕ್ಷರ ಚೆನ್ನಾಗಿದೆ. ಅಲ್ಲಿ ಬರೆದಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ ಎನ್ನುವುದೇ ಅದರ ಕೆಟ್ಟತನ.

ಯುಗಾದಿ ಆದ ಮಂಗಳವಾರ ಫ್ರೇಜರ್ ಟೌನಿನಿಂದ ‘ಮೂವತ್ತಾರು, ಮೊಣಕೈ ತೋಳು’ ಬಂದರು. ಗೆಳತಿಯ ಮದುವೆಗೆಂದು ರೇಷ್ಮೆ ಬ್ಲೌಸ್ ಕೊಟ್ಟಿದ್ದರು. ಅದಾಗಲೇ ಮೂರು ನಾಳೆ ಕಳೆದಿತ್ತು. ಅವರ ಹೆಸರು ಲುಬ್ನಾ, ಒಂದು ದೊಡ್ಡ ಆಸ್ಪತ್ರೆಯಲ್ಲಿ ಬಾಯಿ ಮತ್ತು ಗಂಟಲು ಕ್ಯಾನ್ಸರಿನ ವಿಭಾಗದಲ್ಲಿ ಡಾಕ್ಟರು ಎಂಬುದು ಆವತ್ತಿನವರೆಗೆ ನಮಗೆ ಗೊತ್ತಿರಲಿಲ್ಲ. ಅಳತೆ ಪುಸ್ತಕದಲ್ಲಿ ಕೆಲಸಕ್ಕೆ ಕಾಲಂ ಇಲ್ಲ.

“ಮಾಸ್ಟ್ರೇ, ಮದುವೆ ಶುಕ್ರವಾರ. ಇವತ್ತು ಕೊಡದಿದ್ರೆ ನಾನು ಇಲ್ಲೇ ಕೂತ್ಕೋತೀನಿ.”

“ಕೂತ್ಕೊಳ್ಳಿ ಡಾಕ್ಟ್ರಮ್ಮ ಅಂತ ಹೇಳಿದ್ರೂ ತಪ್ಪು, ಎದ್ದೋಗಿ ಅಂದ್ರೂ ತಪ್ಪು. ಹುಕ್ಕೊಂದು ಬಾಕಿ. ನಾಳೆ…” ಎಂದರು ಮಾಸ್ಟರ್. ಓದಿದವರಂತೆ ಕಂಡವರನ್ನೆಲ್ಲ ಅವರು ‘ಡಾಕ್ಟ್ರಮ್ಮ’ ಎನ್ನುತ್ತಿದ್ದರು, ಈ ಸಲ ಅದು ನಿಜವೇ ಆಗಿತ್ತು. ಲುಬ್ನಾ ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿ, ಮಾಸ್ಟರ ಬಾಯನ್ನೇ ನೋಡತೊಡಗಿದರು.

“ಬಾಯಿ ತೆಗೀರಿ.”

“ಬ್ಲೌಸ್ ಲೇಟಾಯ್ತು ಅಂತ ಹಲ್ಲು ಎಣಿಸ್ತೀರಾ?”

“ಪಿನ್ನು ಕೆಳಗಿಡಿ. ತೆಗೀರಿ. ಇನ್ನೂ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಉದ್ದಕ್ಕೆ ಇಟ್ಟು ಒಳಗೆ ಹಾಕಿ ನೋಡೋಣ.”

ಎರಡು ಬೆರಳು ಹೋಯಿತು. ಮೂರನೆಯದು ಬಾಗಿಲಲ್ಲೇ ನಿಂತಿತು. ಲುಬ್ನಾ ಟಾರ್ಚು ಬಿಟ್ಟು ನೋಡಿದರು, ಆಮೇಲೆ ದವಡೆಯ ಕೆಳಗೆ ಎರಡು ಬೆರಳಿಟ್ಟು ಒತ್ತಿದರು. ಬೆರಳು ಒಂದು ಕಡೆ ನಿಂತಿತು. ಹುಣಸೆ ಬೀಜದಷ್ಟು ಗಂಟು. ನಾನು ಹತ್ತು ಭಾನುವಾರ ಟಾರ್ಚು ಹಿಡಿದಿದ್ದೆ. ಆ ಕುತ್ತಿಗೆಯನ್ನು ಒಂದು ಸಲವೂ ಮುಟ್ಟಿ ನೋಡಿರಲಿಲ್ಲ. ಕಾಲರ್ ಹೊಲಿಯುವ ಅಂಗಡಿ ನಮ್ಮದಲ್ಲ.

“ಗುರುವಾರ ನಮ್ಮ ಓಪಿಡಿಗೆ ಬನ್ನಿ.”

“ಬರೋಣ, ಬರೋಣ. ನಿಮ್ ಬ್ಲೌಸು ನಾಳೆ…”

“ಬ್ಲೌಸ್ ಬೇಡ. ನೀವು ಬೇಕು” ಎಂದರು ಲುಬ್ನಾ. ಗೋವಿಂದಮ್ಮನವರು ಮಿಷಿನ್ನು ನಿಲ್ಲಿಸಿದರು. ಮೂವತ್ತು ವರ್ಷದಲ್ಲಿ ಬ್ಲೌಸ್ ಬೇಡ ಎಂದ ಗಿರಾಕಿಯನ್ನು ಅವರು ನೋಡಿದ್ದು ಅದೇ ಮೊದಲು. ಅದಕ್ಕೇ ಅವರಿಗೆ ಹೆದರಿಕೆಯಾದದ್ದು.

*

ಗುರುವಾರ ಗಂಡನನ್ನು ಆಟೋಗೆ ಹತ್ತಿಸಿದ್ದು ಗೋವಿಂದಮ್ಮ. ಕೆನ್ನೆಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕುತ್ತಿಗೆ ಗಂಟಿಗೆ ಸೂಜಿ ಹಾಕಿದರು. ಮುಖಕ್ಕೆ, ಎದೆಗೆ ಸ್ಕ್ಯಾನ್ ಆಯಿತು. ಎರಡು ವಾರದ ನಂತರ ಫಲಿತಾಂಶ ಕೇಳಲು ನಾವು ನಾಲ್ಕು ಜನ ಲುಬ್ನಾ ಅವರ ಕೋಣೆಗೆ ನುಗ್ಗಿದೆವು: ಮಾಸ್ಟರ್, ಗೋವಿಂದಮ್ಮ, ಫೈಲು ಹಿಡಿದ ನಾನು, ಮತ್ತು ಗೋವಿಂದಮ್ಮನವರ ಅಣ್ಣನ ಮಗ ಕಿರಣಕುಮಾರ.

ಕಿರಣಕುಮಾರ ಕೆ.ಆರ್. ಪುರದ ಕಡೆ ಸೈಟು ಮಾರಿಸುತ್ತಾನೆ. ಕೆರೆಯಂಗಳವನ್ನು ಲೇಔಟೆಂದು ತೋರಿಸಿ ಅಭ್ಯಾಸವಾಗಿ, ಯಾವುದನ್ನು ಬೇಕಾದರೂ ಯಾವುದೆಂದು ಬೇಕಾದರೂ ಕರೆಸಬಹುದು ಎಂದು ನಂಬಿದ್ದಾನೆ. ಅವನ ಬಾಯಲ್ಲಿ ಯಾವಾಗಲೂ ಮಸಾಲೆ. ಗುಟ್ಕಾ ನಿಷೇಧವಾಗಿರುವುದರಿಂದ ಪೆಟ್ಟಿಗೆ ಅಂಗಡಿಯವನು ಅಡಿಕೆಯದೊಂದು ಚೀಟಿ, ಹೊಗೆಸೊಪ್ಪಿನದೊಂದು ಚೀಟಿ ಬೇರೆಬೇರೆ ಕೊಡುತ್ತಾನೆ. ಇವನು ಬಾಯಲ್ಲಿ ಕೂಡಿಸಿಕೊಳ್ಳುತ್ತಾನೆ. ಕಾನೂನು ಆ ಎರಡು ಚೀಟಿಗಳ ನಡುವೆ ನೆಮ್ಮದಿಯಾಗಿ ಮಲಗಿದೆ.

“ಮೇಡಂ, ಸ್ಟೇಜ್ ಎಷ್ಟು ಅಂತ ಹೇಳ್ಬಿಡಿ ಸಾಕು” ಎಂದ ಅವನು. “ಫಸ್ಟ್ ಸ್ಟೇಜ್ ಆದ್ರೆ ನಾವು ಮನೇಲೇ ನೋಡ್ಕೋತೀವಿ.”

“ಇದು ಇಂದಿರಾನಗರದ ಫಸ್ಟ್ ಸ್ಟೇಜು, ಸೆಕೆಂಡ್ ಸ್ಟೇಜು ಸೈಟಲ್ಲ ಕಣ್ರೀ. ಮೊದ್ಲು ಬಾಯಲ್ಲಿರೋದು ಉಗಿದು ಬನ್ನಿ” ಎಂದು ಅವನನ್ನು ಹೊರಗೆ ಕಳಿಸಿ, ಲುಬ್ನಾ ಕಾಗದ ತೆಗೆದುಕೊಂಡು ಒಂದು ಕೆನ್ನೆಯ ಚಿತ್ರ ಬರೆದರು. “ಮಾಸ್ಟ್ರೇ, ನಾವೂ ಅಳತೆನೇ ತಗೊಳ್ಳೋದು. ಮೂರು ಅಳತೆ. ಬಾಯಲ್ಲಿರೋ ಗಡ್ಡೆ ಎಷ್ಟು ಅಗಲ, ಎಷ್ಟು ಆಳ, ಇದು ಒಂದು. ಕುತ್ತಿಗೆ ಗಂಟಿಗೆ ಇಳಿದಿದೆಯಾ, ಎಷ್ಟು ಗಂಟು, ಎಷ್ಟು ದಪ್ಪ, ಇದು ಎರಡು. ಶ್ವಾಸಕೋಶಕ್ಕೆ, ಅಲ್ಲಿಗೆ ಇಲ್ಲಿಗೆ ಅಂತ ದೂರ ಹೋಗಿದೆಯಾ, ಇದು ಮೂರು. ಮೂರನ್ನೂ ಸೇರಿಸಿದ್ರೆ ಸ್ಟೇಜು.”

“ಒಂದನೇ ಸ್ಟೇಜಿಗೆ ಎಷ್ಟಿರ್ಬೇಕು?”

“ಅಗಲ ಎರಡು ಸೆಂಟಿಮೀಟರ್ ಒಳಗೆ…”

ಮಾಸ್ಟರ್ ಕೇಳಿದ್ದು ಅಷ್ಟೇ. ಬಗಲಚೀಲದಿಂದ ಅಳತೆ ಪುಸ್ತಕ ಎಳೆದು ಮೇಜಿನ ಮೇಲೆ ಹಾಕಿದರು. “ಮುಕ್ಕಾಲು ಇಂಚು ಅಂದ್ರೆ ಹತ್ತೊಂಬತ್ತು ಮಿಲಿಮೀಟ್ರು. ಸಂಕ್ರಾಂತಿಯಿಂದ ಲೆಕ್ಕ ಇದೆ. ನೋಡ್ಕೊಳ್ಳಿ.”

ಲುಬ್ನಾ ನೋಡಿದರು. ಹತ್ತು ಭಾನುವಾರವನ್ನೂ ಒಂದೊಂದೇ ಹಾಳೆ ತಿರುವಿ ನೋಡಿದರು. ನನ್ನ ಅಕ್ಷರ ಅಷ್ಟು ಚೆನ್ನಾಗಿ ಇರಬಾರದಿತ್ತು ಎಂದು ನನಗೆ ಅನ್ನಿಸಿತು.

“ಅಗಲ ಹತ್ತೊಂಬತ್ತೇ. ನಮ್ಮ ಸ್ಕ್ಯಾನೂ ಹಾಗೇ ಹೇಳತ್ತೆ.”

ಮಾಸ್ಟರ್ ಗೆದ್ದ ಹುಂಜದ ಹಾಗೆ ಹೆಂಡತಿಯ ಕಡೆ ತಿರುಗಿದರು.

“ಆಳ ಒಂಬತ್ತು” ಎಂದರು ಲುಬ್ನಾ. “ಐದು ದಾಟಬಾರದಿತ್ತು. ಅದು ಅಗಲಕ್ಕೆ ಬೆಳೀಲಿಲ್ಲ, ಕೆಳಗೆ ಇಳೀತು. ಆಳ ಆದಷ್ಟೂ ಕುತ್ತಿಗೆಗೆ ದಾರಿ ಹತ್ರ. ಅಲ್ಲಿ ಒಂದು ಗಂಟಿದೆ, ಅದೇ ಕಡೆ, ಒಂದೂವರೆ ಸೆಂಟಿಮೀಟರ್. ಸೂಜಿ ರಿಪೋರ್ಟಲ್ಲಿ ಅದರೊಳಗೂ ಕ್ಯಾನ್ಸರ್ ಇದೆ. ಎದೆ ಕ್ಲೀನಾಗಿದೆ, ಅದೊಂದು ಪುಣ್ಯ. ಒಟ್ಟು ಮೂರನೇ ಸ್ಟೇಜು.”

ಬಾಯಿ ತೊಳೆದು ಬಂದಿದ್ದ ಕಿರಣಕುಮಾರ ಬಾಗಿಲಲ್ಲೇ ಕೇಳಿಸಿಕೊಂಡ. “ಮೂರಾ? ಮುಕ್ಕಾಲು ಇಂಚಿಗಾ? ಮೇಡಂ, ಎರಡು ಮಾಡಿ ಮೇಡಂ. ನೋಡಿ ಅಡ್ಜಸ್ಟ್ ಮಾಡಿ.”

“ಗಂಟು ಇಲ್ದಿದ್ರೆ ಎರಡೇ ಆಗ್ತಿತ್ತು. ಗಂಟಿಗೆ ಹೇಳಿ, ಅದು ಅಡ್ಜಸ್ಟ್ ಮಾಡ್ಕೊಂಡ್ರೆ ನಂಗೂ ಸಂತೋಷ.” ಲುಬ್ನಾ ಮಾಸ್ಟರ ಕಡೆ ತಿರುಗಿ ಮೆತ್ತಗೆ ಹೇಳಿದರು: “ದವಡೆ ಮೂಳೆಗೆ ಇನ್ನೂ ತಾಕಿಲ್ಲ. ಮೂಳೆ ಒಳಗೆ ಹೋಯ್ತು ಅಂದ್ರೆ ನಾಲ್ಕು. ಆಗ್ಲೂ ಆಪರೇಷನ್ ಮಾಡ್ತೀವಿ, ಆದ್ರೆ ದವಡೆ ಹೋಗತ್ತೆ. ಅದನ್ನೂ ದಾಟಿ ಹಿಂದುಗಡೆ ಅಗಿಯೋ ಸ್ನಾಯು, ತಲೆಬುರುಡೆ ಬುಡ ಅಂತ ಹೋದ್ರೆ ಅದೂ ನಾಲ್ಕೇ, ಆದ್ರೆ ಅಲ್ಲಿಗೆ ನಮ್ಮ ಕತ್ತರಿ ಹೋಗಲ್ಲ. ಈ ವಾರವೇ ಅಡ್ಮಿಟ್ ಆಗಿ.”

ಮಾಸ್ಟರ್ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಬದುಕಿನ ಲೆಕ್ಕ ಇರಬೇಕೆಂದು ನಾವೆಲ್ಲ ಅಂದುಕೊಂಡೆವು.

“ಆಷಾಢಕ್ಕೆ ಬರ್ತೀನಿ” ಎಂದರು.

“ಏನು?”

“ಈಗ ಲಗ್ನದ ಸೀಸನ್ನು ತಾಯಿ. ನಲವತ್ತು ಬ್ಲೌಸಿದೆ ಕೈಲಿ. ಆಷಾಢದಲ್ಲಿ ಮದುವೆ ಇರಲ್ಲ, ನಾನು ಫ್ರೀ. ನಿಮಗೂ ರಶ್ ಕಮ್ಮಿ ಇರತ್ತೆ.”

“ಇದು ಚೈತ್ರ, ಮಾಸ್ಟ್ರೇ. ನಿಮ್ಮ ಕೆನ್ನೆಯೊಳಗೆ ಇರೋದಕ್ಕೆ ಆಷಾಢ ಗೊತ್ತಿಲ್ಲ.”

“ಒಂದು ಎರಡು ತಿಂಗಳು ತಾನೆ? ಹತ್ತು ವಾರ ಒಂದು ನೂಲು ಬೆಳೆದಿಲ್ಲ” ಎಂದು ಮಾಸ್ಟರ್ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು.

*

ಮಾರನೆಯ ದಿನದಿಂದ ಅಂಗಡಿಯಲ್ಲಿ ಜಾತ್ರೆ. ಮಾಸ್ಟರ್ ಬಂದವರಿಗೆಲ್ಲ ಹೇಳಿದ್ದು ಒಂದೇ: “ಸ್ಕ್ಯಾನ್ ಮಿಷಿನ್ನು ಕೋಟಿ ರೂಪಾಯಿದಂತೆ. ನನ್ನ ಟೇಪು ಹದಿನೈದು ರೂಪಾಯಿದು. ಎರಡೂ ಹತ್ತೊಂಬತ್ತೇ ಅಂತು!” ಕ್ಯಾನ್ಸರ್ ಬಂದದ್ದು ಸಣ್ಣ ಸುದ್ದಿ, ಅಳತೆ ತಪ್ಪಲಿಲ್ಲ ಎಂಬುದು ದೊಡ್ಡ ಸುದ್ದಿ. ಕೆಲವರು ಕೈ ಕುಲುಕಿದರು.

ಮೂರನೇ ಸ್ಟೇಜ್ ಎನ್ನುವುದನ್ನು ಮಾತ್ರ ಬೀದಿಯಲ್ಲಿ ಯಾರೂ ಒಪ್ಪಲಿಲ್ಲ. ಆಸ್ಪತ್ರೆಗೆ ಅದರದೊಂದು ಲೆಕ್ಕವಿದ್ದರೆ ನಮ್ಮ ಬೀದಿಗೆ ನಮ್ಮದೇ ಲೆಕ್ಕವಿದೆ: ಅನ್ನ ಸೇರದಿದ್ದರೆ ಒಂದನೇ ಸ್ಟೇಜು, ಹೆಂಡತಿಯನ್ನು ಬೈಯುವ ಶಕ್ತಿ ಹೋದರೆ ಎರಡು, ಕೂದಲು ಉದುರಿದರೆ ಮೂರು, ಹತ್ತು ವರ್ಷ ಮಾತು ಬಿಟ್ಟಿದ್ದ ನೆಂಟರು ಆಪಲ್ ಹಿಡಿದುಕೊಂಡು ಬಂದರೆ ನಾಲ್ಕು. ಮಾಸ್ಟರ್ ಅನ್ನ ಉಣ್ಣುತ್ತಿದ್ದರು, ಬೈಯುತ್ತಿದ್ದರು, ಬಾಚಣಿಗೆ ಬಳಸುತ್ತಿದ್ದರು. ನೆಂಟರು ಎಂದು ಬಂದದ್ದು ಕಿರಣಕುಮಾರನೊಬ್ಬ. ಅವನು ಆಪಲ್ ತಂದಿರಲಿಲ್ಲ, ಯಾವುದೋ ಸೊಪ್ಪು ತಂದಿದ್ದ. “ಇದನ್ನ ಅರೆದು ಕೆನ್ನೇಲಿ ಇಟ್ಕೊಳ್ಳಿ ಮಾವ” ಎಂದ. ಮಾಸ್ಟರಿಗೆ ಕೆನ್ನೆಯಲ್ಲಿ ಏನಾದರೂ ಇಟ್ಟುಕೊಳ್ಳಿ ಎನ್ನುವ ವೈದ್ಯನೇ ಬೇಕಿತ್ತು.

ಆ ಶನಿವಾರ ಮಧ್ಯಾಹ್ನ ಗಿರಾಕಿಗಳಿಲ್ಲದಾಗ ನಾನು ಧೈರ್ಯ ಮಾಡಿ ಬಾಯಿ ಬಿಟ್ಟೆ. ಧೈರ್ಯ ಬೇಕಾದಾಗ ನನಗೆ ಬರುವುದು ಮಾತಲ್ಲ, ನಮ್ಮಜ್ಜಿಯ ಕತೆ.

“ಮಾಸ್ಟ್ರೇ, ಒಂದೂರಲ್ಲಿ ಒಬ್ಬ ರಾಜ ಇದ್ನಂತೆ. ಅವನ ಅರಮನೆ ಅಂಗಳದಲ್ಲಿ ಒಂದು ತೂತಾಯ್ತಂತೆ, ಅವರೆಕಾಳಷ್ಟು. ಅದು ದೊಡ್ಡದಾಗತ್ತಾ ನೋಡು ಅಂತ ರಾಜ ಒಬ್ಬ ಆಳಿಟ್ನಂತೆ. ಅವನು ದಿನಾ ಬೆಳಿಗ್ಗೆ ಹುಲ್ಲುಕಡ್ಡೀಲಿ ಅಳೆಯೋನು, ‘ಬಾಯಿ ಅಷ್ಟೇ ಇದೆ ಪ್ರಭು’ ಅನ್ನೋನು, ಸಂಬಳ ತಗೊಳ್ಳೋನು. ಒಳಗೆ ಹೆಗ್ಗಣಗಳು ಊರು ಕಟ್ಟಿ, ಊರಿಗೊಂದು ಪೇಟೆ ಕಟ್ಟಿದ್ವಂತೆ. ಒಂದಿನ ಪಟ್ಟದ ಆನೆ ಅಂಗಳಕ್ಕೆ ಕಾಲಿಟ್ತು. ಆನೆ, ರಾಜ, ಸಿಂಹಾಸನ ಎಲ್ಲಾ ಬುಳಕ್ಕಂತ ಒಳಗೆ. ಧೂಳು ಅಡಗಿದ್ಮೇಲೆ ಆಳು ಬಗ್ಗಿ ಕೂಗಿದ್ನಂತೆ, ‘ನಿನ್ನೆ ಬಾಯಿ ಅಷ್ಟೇ ಇತ್ತು ಪ್ರಭು!’”

ಗೋವಿಂದಮ್ಮನವರು ಫಾಲ್ ಬಿಟ್ಟು ನಕ್ಕರು. ನಗು ಅರ್ಧಕ್ಕೆ ಅಳುವಾಯಿತು. ಸೆರಗಿನಲ್ಲಿ ಮುಖ ಒರೆಸಿ ಮತ್ತೆ ಮಿಷಿನ್ನು ತುಳಿದರು.

“ಆ ಆಳು ಯಾರು, ನಾನಾ?” ಎಂದರು ಮಾಸ್ಟರ್.

“ಅಲ್ಲ. ನಾನು. ಬರ್ದಿದ್ದು ನಾನೇ ಅಲ್ವಾ.”

“ಹಾಗಾದ್ರೆ ಕತೆ ಬಿಟ್ಟು ಹುಕ್ಕು ಹಾಕು.”

ನನ್ನ ತೊಡೆಯ ಮೇಲೆ ಇದ್ದದ್ದು ಲುಬ್ನಾ ಅವರ ಬ್ಲೌಸು. ಮದುವೆ ಮುಗಿದು ವಾರಗಳಾಗಿದ್ದವು. ಹುಕ್ಕು ಇನ್ನೂ ಬಾಕಿ ಇತ್ತು. ನನಗೆ ಸಿಟ್ಟು ಬಂತು. ಬ್ಲೌಸನ್ನು ಎತ್ತಿ ಅವರ ಮೇಜಿನ ಮೇಲೆ ಹರಡಿದೆ.

“ಇದು ಎಷ್ಟು ಮಾಸ್ಟ್ರೇ?”

“ಮೂವತ್ತಾರು. ಕಣ್ಣು ಕಾಣಲ್ವಾ?”

ಒಳಮಗ್ಗುಲು ತಿರುಗಿಸಿದೆ. “ಒಳಗೆ ಮಡಚಿ ಎಷ್ಟು ಬಿಟ್ಟಿದೀರಾ?”

“ಎರಡೂ ಪಕ್ಕ ಎರಡೆರಡು ಇಂಚು. ಮದುವೆ ಆದ್ಮೇಲೆ ಎಲ್ರೂ ದಪ್ಪ ಆಗ್ತಾರೆ. ಹೊಲಿಗೆ ಬಿಚ್ಚಿದ್ರೆ ನಲವತ್ತಾಗ…”

ಮಾಸ್ಟರ್ ತುಟಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಆರು. ನಾನು ಎಣಿಸಿದೆ.

“ಹೊರಗಿಂದ ಟೇಪ್ ಇಟ್ರೆ ಮೂವತ್ತಾರೇ” ಎಂದೆ. “ಟೇಪ್ ತಪ್ಪಿಲ್ಲ.”

“ಬಾಯಿ ಜಾಸ್ತಿಯಾಯ್ತು ನಿಂದು” ಎಂದರು. ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಆ ಭಾನುವಾರ ಊದುಬತ್ತಿ ಹಚ್ಚಿದರು, ಟೇಪು ತೆಗೆಯಲಿಲ್ಲ.

ಸೋಮವಾರ ಬೆಳಿಗ್ಗೆ ಗರಿಗರಿ ಶರ್ಟು ಹಾಕಿಕೊಂಡು, “ಆ ದೊಡ್ಡ ಡಾಕ್ಟ್ರ ಹತ್ರ ನಾಲ್ಕು ಮಾತು ಕೇಳಿ ಬರ್ತೀನಿ” ಎಂದು ಹೊರಟರು. ಜಗಳಕ್ಕೆ ಹೋಗುವವರ ಹಾಗೆ ಹೊರಟರು. ಗೋವಿಂದಮ್ಮನವರೂ ನಾನೂ ಜಗಳ ಬಿಡಿಸುವವರ ಹಾಗೆ ಹಿಂದೆ ಹೋದೆವು.

ಲುಬ್ನಾ ಅವರ ವಿಭಾಗದಲ್ಲಿ ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಭಗವಂತರಾಯರು. ಕಲಬುರ್ಗಿ ಕಡೆಯವರು. ದಪ್ಪ ಮೀಸೆ, ಹೆಂಗಸರ ಹಾಗೆ ಸಣ್ಣ ಬೆರಳು. ಮಾಸ್ಟರ್ ಮೊದಲು ನೋಡಿದ್ದು ಆ ಬೆರಳುಗಳನ್ನೇ.

“ಎಷ್ಟು ಕತ್ತರಿಸ್ತೀರಾ?”

“ಗಡ್ಡಿ ಅಷ್ಟೇ ತಗದ್ರ ಕೆಲಸ ಆಗಂಗಿಲ್ರಿ ಮಾಸ್ತರ. ಸುತ್ತ ಒಂದು ಸೆಂಟಿಮೀಟರ್ ಛಲೋ ಜಾಗಾನೂ ಸೇರಿಸಿ ಕತ್ತರಸ್ತೀವಿ. ಬದೀಗೂ, ತಳಕ್ಕೂ.”

“ಮಾರ್ಜಿನ್ ಬಿಟ್ಟು.”

“ಹಾಂ, ಮಾರ್ಜಿನ್. ನಿ‌ಮಗ ತಿಳೀತದ. ಕುತ್ತಗಿ ಒಳಗಿನ ಗಂಟೂ ತಗೀತೀವಿ. ಇವತ್ತ ಗಡ್ಡಿಗೂ ದವಡಿ ಎಲುಬಿಗೂ ನಡುವ ಸ್ವಲ್ಪ ಬಟ್ಟಿ ಉಳದದ. ಆಷಾಢಕ್ಕ ಬಂದ್ರ ಬಟ್ಟಿ ಇರಂಗಿಲ್ಲ. ಆಮ್ಯಾಲೆ ಎಲುಬ ಕತ್ತರಸಬೇಕು.”

ಮೂವತ್ತು ವರ್ಷದಲ್ಲಿ ಮಾಸ್ಟರ್ ಹೆದರಿದ್ದು ಒಂದೇ ಮಾತಿಗೆ: ಬಟ್ಟೆ ಸಾಲಲ್ಲ. ಬೈಗುಳಕ್ಕೆ ಹೆದರಿದವರಲ್ಲ, ನಲವತ್ತೆರಡು ಪೊಲೀಸು ಕರೆಯುತ್ತೇನೆ ಎಂದಾಗಲೂ ಹೆದರಿದವರಲ್ಲ. ಅರವತ್ತು ಸೆಂಟಿಮೀಟರ್ ತುಂಡು ತಂದು ಉದ್ದ ತೋಳು ಬೇಕು ಎನ್ನುವವರನ್ನು ಕಂಡರೆ ಮಾತ್ರ ಅವರು ಕತ್ತರಿ ಕೆಳಗಿಡುತ್ತಿದ್ದರು. ಈಗ ಬಗಲಚೀಲ ಕೆಳಗಿಟ್ಟರು.

“ಯಾವತ್ತು?” ಎಂದರು.

“ಗುರುವಾರ.”

“ಗುರುವಾರ ಅಂದ್ರೆ ಗುರುವಾರನೇ ತಾನೆ?”

“ನಾನು ದರ್ಜಿ ಅಲ್ರಿ” ಎಂದರು ಭಗವಂತರಾಯರು.

*

ಆಪರೇಷನ್ನಿಗೆ ಎಂಟು ಗಂಟೆ ಹಿಡಿಯಿತು. ಗೋವಿಂದಮ್ಮನವರು ಹೊರಗಿನ ಬೆಂಚಿನಲ್ಲಿ ಕೂತು ನಲವತ್ತೆರಡರ ಸೀರೆಗೆ ಕೈಯಲ್ಲೇ ಫಾಲ್ ಹಾಕಿ ಮುಗಿಸಿದರು. ಹೊಲಿಗೆ ಎಲ್ಲಿಯೂ ನೆಟ್ಟಗಿರಲಿಲ್ಲ. ಕೆನ್ನೆಯ ಒಳಗೆ ಕತ್ತರಿಸಿದ ಜಾಗಕ್ಕೆ ತೊಡೆಯಿಂದ ಚರ್ಮ ತಂದು ತೇಪೆ ಹಾಕಿದ್ದರು. ಹತ್ತು ದಿನದ ಮೇಲೆ ಮಾಸ್ಟರ್ ಕನ್ನಡಿ ಕೇಳಿದರು. ಬಹಳ ಹೊತ್ತು ನೋಡಿ, ತೊದಲುವ ನಾಲಿಗೆಯಲ್ಲಿ ಹೇಳಿದ ಮೊದಲ ಪೂರ್ತಿ ವಾಕ್ಯ: “ಲೈನಿಂಗ್ ಬಣ್ಣ ಮ್ಯಾಚ್ ಆಗಿಲ್ಲ.”

“ಹೊಲಿಗೆ ಹೆಂಗಿದೆ?” ಎಂದರು ಲುಬ್ನಾ.

“ಪರವಾಗಿಲ್ಲ. ಟೈಮಿಗೆ ಕೊಟ್ಟಿದೀರಾ.”

ಕೊನೆಯ ರಿಪೋರ್ಟು ಆಮೇಲೆ ಬಂತು. ಸ್ಕ್ಯಾನಿನಲ್ಲಿ ಕಂಡದ್ದು ಅಂದಾಜು, ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇ ಖಾಯಂ ಅಳತೆ ಎಂದು ಲುಬ್ನಾ ವಿವರಿಸಿದರು. ಆಳ ಒಂಬತ್ತೂವರೆ. ಕುತ್ತಿಗೆಯಿಂದ ತೆಗೆದ ಇಪ್ಪತ್ತೆಂಟು ಗಂಟುಗಳಲ್ಲಿ ಕೆಟ್ಟದ್ದು ಅದೊಂದೇ. ಮಾರ್ಜಿನ್ ಎಲ್ಲ ಕಡೆ ಸಾಕಷ್ಟು ಸಿಕ್ಕಿದೆ. ಸ್ಟೇಜು ಮೂರೇ. ಇಳಿದಿರಲಿಲ್ಲ, ಏರಿರಲೂ ಇಲ್ಲ. ಆರು ವಾರ ರೇಡಿಯೇಷನ್ ಆಯಿತು, ಗಂಟಲು ಬೆಂದು ನೀರು ಕೂಡ ಮುಳ್ಳಾಯಿತು, ಹದಿಮೂರು ಕೆ.ಜಿ. ಇಳಿದರು. ಅದು ಮುಗಿದದ್ದು ಆಷಾಢದಲ್ಲಿ.

“ಆಷಾಢಕ್ಕೆ ಬರ್ತೀನಿ ಅಂದಿದ್ರಿ. ಮಾತು ಉಳಿಸ್ಕೊಂಡ್ರಿ” ಎಂದರು ಲುಬ್ನಾ. ಗೋವಿಂದಮ್ಮನವರು ಚೀಲದಿಂದ ಅವರ ಬ್ಲೌಸ್ ತೆಗೆದುಕೊಟ್ಟರು. ಹುಕ್ಕು ನಾನೇ ಹಾಕಿದ್ದೆ. “ಗೆಳತಿಗೆ ಈಗ ಮೂರು ತಿಂಗಳು” ಎಂದು ಲುಬ್ನಾ ನಕ್ಕರು. “ಸೀಮಂತಕ್ಕೆ ಹಾಕ್ಕೋತೀನಿ ಬಿಡಿ.”

ಇನ್ನು ಪ್ರತಿ ತಿಂಗಳು ತೋರಿಸಬೇಕು, ಎರಡು ವರ್ಷ ಕಣ್ಣಿಟ್ಟಿರಬೇಕು, ಆಗಲೂ ಗ್ಯಾರಂಟಿ ಎನ್ನುವ ಮಾತಿಲ್ಲ ಎಂದರು. ಮಾಸ್ಟರ್ ತಲೆಯಾಡಿಸಿದರು. ಗ್ಯಾರಂಟಿ ಇಲ್ಲದೆ ಮಾಲು ಕೊಡುವುದು ಅವರಿಗೂ ಗೊತ್ತು.

ಶ್ರಾವಣ ಬಂತು, ಅಂಗಡಿ ತೆರೆಯಿತು. ಮಾಸ್ಟರ ಎಡಗೆನ್ನೆ ಒಳಕ್ಕೆ ಹೋಗಿದೆ, ಬಾಯಿ ಎರಡು ಬೆರಳಿಗೂ ತೆರೆಯುವುದಿಲ್ಲ. ಮೂರು ಹೊತ್ತೂ ಮರದ ಕಡ್ಡಿ ಕಚ್ಚಿ ವ್ಯಾಯಾಮ ಮಾಡುತ್ತಾರೆ. ಪಿನ್ನುಗಳು ಈಗ ಮಣಿಕಟ್ಟಿನ ದಿಂಬಿನಲ್ಲಿ ಚುಚ್ಚಿಕೊಂಡಿರುತ್ತವೆ. ಗಿರಾಕಿಗಳಿಗೆ ಮಾತಿನ ಬದಲು ಚೀಟಿಯಲ್ಲಿ ತಾರೀಕು ಬರೆದುಕೊಡುತ್ತಾರೆ. ಆ ತಾರೀಕಿಗೆ ಬ್ಲೌಸ್ ಸಿದ್ಧವಿರುತ್ತದೆ. ಯಾರೂ ನಂಬದೆ ವಾರ ಕಳೆದು ಬರುತ್ತಾರೆ, ಕಪಾಟಿನಲ್ಲಿ ಜಾಗ ಸಾಲುತ್ತಿಲ್ಲ.

ವರಮಹಾಲಕ್ಷ್ಮಿ ಹಬ್ಬ ಕಳೆದ ಮರುವಾರ ಕಿರಣಕುಮಾರ ಬಂದ. ಅತ್ತಿತ್ತ ನೋಡಿ, ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ದನಿ ತಗ್ಗಿಸಿದ.

“ಮಾವ, ಇಲ್ಲಿ ಕೆನ್ನೆ ಒಳಗೆ ಬೆಳ್ಳಗೆ ಒಂದು ಮಚ್ಚೆ. ಖಾರ ತಿಂದ್ರೆ ಉರೀತದೆ. ಸಣ್ಣದು. ನೀವು ಒಂದ್ಸಲ ಟೇಪ್ ಇಟ್ಟು ಹೇಳ್ಬಿಡಿ. ನಿಮ್ದು ಸ್ಕ್ಯಾನಿಗಿಂತ ಕರೆಕ್ಟಲ್ವಾ?”

ಬಾಯಿ ತೆಗೆದ. ಮಸಾಲೆಯ ವಾಸನೆ ಅಂಗಡಿ ತುಂಬಿತು. ನನ್ನ ಕೈ ಅಭ್ಯಾಸಬಲದಿಂದ ಅಳತೆ ಪುಸ್ತಕದ ಕಡೆ ಹೋಯಿತು. ಮಾಸ್ಟರ್ ನನ್ನ ಕೈ ಮೇಲೆ ಪಟ್ಟನೆ ಹೊಡೆದರು. ಕುತ್ತಿಗೆಯಲ್ಲಿದ್ದ ಟೇಪನ್ನು ತೆಗೆದು, ಸುತ್ತಿ, ಡ್ರಾಯರಿಗೆ ಹಾಕಿ ಬೀಗ ಹಾಕಿದರು.

“ಏಳು” ಎಂದರು.

“ಎಲ್ಲಿಗೆ?”

“ಲುಬ್ನಾ ಡಾಕ್ಟ್ರ ಹತ್ರ.”

ಗೋವಿಂದಮ್ಮನವರು ತಲೆಯೆತ್ತಿ ನನ್ನನ್ನು ನೋಡಿದರು. ಮಾಸ್ಟರ್ ಮೂವತ್ತಾರು ಎನ್ನಲಿಲ್ಲ, ಹೆಸರು ಹೇಳಿದ್ದರು.

“ಮಚ್ಚೆ ಅಷ್ಟೇ ಮಾವ, ಏನೂ ಆಗಿರಲ್ಲ.”

“ಆಗಿಲ್ದೆ ಇದ್ರೆ ಅವ್ರೇ ಹೇಳ್ತಾರೆ. ಮೇಲಿಂದು ನಿಂಗೂ ಕಾಣತ್ತೆ, ನಂಗೂ ಕಾಣತ್ತೆ. ಏಳು.”

“ಆಯ್ತು, ನಾಳೆ ಹೋಗೋಣ. ಇವತ್ತು ಕೆ.ಆರ್. ಪುರದಲ್ಲಿ ಪಾರ್ಟಿ ಬರ್ತಿದಾರೆ, ಸೈಟ್ ತೋರಿಸ್ಬೇಕು. ನಾಳೆ ಗ್ಯಾರಂಟಿ.”

ಮಾಸ್ಟರ್ ನಕ್ಕರು. ಬಲಗಡೆ ಮಾತ್ರ ನಗಲಾಗುತ್ತದೆ ಅವರಿಗೆ. ಎಡಗಡೆ ಸುಮ್ಮನೆ ನೋಡುತ್ತಿರುತ್ತದೆ. ಅವನ ಭುಜ ಹಿಡಿದು ಎಬ್ಬಿಸಿ, ಒಂದೊಂದೇ ಪದವನ್ನು ತೇಪೆಯ ಮೇಲಿಂದ ದಾಟಿಸಿ ಹೇಳಿದರು: “ನಾಳೆ ಅನ್ನೋದು ನನ್ನಂಗಡಿ ಮಾಲು ಕಣೋ. ನಂಗೇ ಮಾರೋಕೆ ಬಂದ್ಯಾ?”

ಚಪ್ಪಲಿ ಮೆಟ್ಟಿ ಹೊರಟರು. ಕಿರಣಕುಮಾರ ಫೋನಿನಲ್ಲಿ ಯಾರಿಗೋ ಸುಳ್ಳು ಹೇಳುತ್ತಾ ಹಿಂದೆ ಹೋದ. ಆಟೋ ತಿರುವಿನಲ್ಲಿ ಮರೆಯಾಗುವ ಹೊತ್ತಿಗೆ ನಲವತ್ತೆರಡು ಮೆಟ್ಟಿಲು ಹತ್ತಿ ಬಂದರು.

“ಎಲ್ಲಿ ಮಾಸ್ಟ್ರು?”

“ಆಸ್ಪತ್ರೆಗೆ ಹೋದ್ರು” ಎಂದರು ಗೋವಿಂದಮ್ಮ.

“ಹೋದ್ಸಲಾನೂ ಇದೇ ನೆಪ ಹೇಳಿದ್ರಿ!”

ನಾನು ಕಪಾಟಿನಿಂದ ಅವರ ಬ್ಲೌಸ್ ತೆಗೆದುಕೊಟ್ಟೆ. ಎಂಟು ದಿನದಿಂದ ಸಿದ್ಧವಾಗಿತ್ತು. ಅವರು ನಂಬಿಕೆ ಬರದೆ ಅದನ್ನು ಬೆಳಕಿಗೆ ಹಿಡಿದರು, ಹುಕ್ಕು ಎಣಿಸಿದರು, ಆಮೇಲೆ ಸ್ಟೂಲಿನ ಮೇಲೆ ಕೂತು ಒಳಮಗ್ಗುಲು ತಿರುಗಿಸಿ ಒಂದೊಂದೇ ಹೊಲಿಗೆ ನೋಡತೊಡಗಿದರು.